ಹಳೇ ಪಿಕಪ್, ಚಾರ್ಮಾಡಿ ಘಾಟಿ ಮತ್ತು ಕಾಣೆಯಾದ ಥರ್ಮೋಸ್ಟಾಟ್

ನಾನು ನೋಡೋಕೆ ಹೋದಾಗ ಗಾಡಿಯ ಬಾನೆಟ್ ಬೆಚ್ಚಗಿತ್ತು. ಅಷ್ಟಕ್ಕೇ ಅವತ್ತು ವ್ಯಾಪಾರ ಮಾತಾಡದೆ ವಾಪಸ್ ಬಂದೆ. ಮಾರುವವರು ನಾನು ಬರುವ ಮೊದಲೇ ಒಂದು ಸುತ್ತು ಹೊಡೆದು ಇಂಜಿನ್ ಬಿಸಿ ಮಾಡಿಟ್ಟಿದ್ದರು. ಬಿಸಿಯಾಗಿರುವ ಡೀಸೆಲ್ ಇಂಜಿನ್ ಸವೆದಿದ್ದರೂ ಒಂದೇ ಸಲ ಸೆಲ್ಫ್ ಹೊಡೆದರೆ ಎದ್ದುಬಿಡುತ್ತದೆ. "ನಾಳೆ ಬೆಳಿಗ್ಗೆ ಆರಕ್ಕೆ ಬರ್ತೀನಿ, ಅಲ್ಲಿವರೆಗೆ ಕೀ ಮುಟ್ಟಬೇಡಿ ಅಣ್ಣ" ಅಂದೆ. ಅವರ ಮುಖ ಸ್ವಲ್ಪ ಸಪ್ಪಗಾಯಿತು.

ಇದು 2018ರ ಮಾತು. ಮೂಡಿಗೆರೆ ಕಡೆಯಿಂದ ಶುಂಠಿ, ಬಾಳೆಕಾಯಿ ಹೇರಿಕೊಂಡು ಮಂಗಳೂರಿಗೆ ಇಳಿಯೋದು, ಬರುವಾಗ ದನದ ಫೀಡ್ ಮೂಟೆ ತುಂಬಿಕೊಂಡು ಚಾರ್ಮಾಡಿ ಘಾಟಿ ಹತ್ತೋದು ನನ್ನ ಕೆಲಸ. ಹೊಸ ಗಾಡಿಗೆ ದುಡ್ಡಿರಲಿಲ್ಲ. ಸಿಕ್ಕಿದ್ದು 2011ರ ಮಾಡೆಲ್ ಪಿಕಪ್. ಎರಡೂವರೆ ಲೀಟರಿನ ನಾಲ್ಕು ಸಿಲಿಂಡರ್ ಟರ್ಬೊ ಡೀಸೆಲ್, ಬಿಎಸ್-3 ಅನ್ನೋ ಹಳೇ ಹೊಗೆ ನಿಯಮದ ಕಾಲದ್ದು. ಮೀಟರಿನಲ್ಲಿ 1,14,000 ಕಿ.ಮೀ. ತೋರಿಸುತ್ತಿತ್ತು. ಕ್ಲಚ್ ಪೆಡಲ್ಲಿನ ರಬ್ಬರ್ ಸವೆದು ಕಬ್ಬಿಣ ಮಿಣಮಿಣ ಅನ್ನುತ್ತಿತ್ತು. ಬಾಡಿಗೆಗೆ ಓಡಿದ ಗಾಡಿ, ದಿನಕ್ಕೆ 100 ಕಿ.ಮೀ., ವರ್ಷಕ್ಕೆ 300 ದಿನ ಅಂತ ಹಿಡಿದರೂ ಏಳು ವರ್ಷಕ್ಕೆ ಎರಡು ಲಕ್ಷ ದಾಟಬೇಕು. ಮೀಟರ್ ಬಗ್ಗೆ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮಾರನೇ ಬೆಳಿಗ್ಗೆ ನಮ್ಮ ಮೇಸ್ತ್ರಿಯನ್ನೂ ಕರೆದುಕೊಂಡು ಹೋದೆ. ಮೂರನೇ ಸಲ ಸೆಲ್ಫ್ ಹೊಡೆದಾಗ ಸ್ಟಾರ್ಟ್ ಆಯಿತು. ಬಿಳಿ ಹೊಗೆ ಬಂತು, ಒಂದು ನಿಮಿಷದಲ್ಲಿ ನಿಂತಿತು. ಚಳಿಗೆ ಅಷ್ಟು ಇದ್ದದ್ದೇ. ನೀಲಿ ಹೊಗೆ ಬಂದಿದ್ದರೆ ಆಯಿಲ್ ಉರಿಯುತ್ತಿದೆ ಅಂತ ಅಲ್ಲಿಂದಲೇ ಎದ್ದು ಬರುತ್ತಿದ್ದೆ. ಮೇಸ್ತ್ರಿ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ, ತಿರುವದೆ ಸುಮ್ನೆ ತೂತಿನ ಮೇಲೆ ಬೋರಲು ಇಟ್ಟರು. ಬ್ಯಾಕ್ ಕಂಪ್ರೆಶನ್ ಜಾಸ್ತಿ ಇದ್ದರೆ ಆ ಮುಚ್ಚಳ ಕುಣಿದು ಕೆಳಗೆ ಬೀಳುತ್ತದೆ. ಪಿಸ್ಟನ್ ಸುತ್ತ ಇರುವ ರಿಂಗ್ ಸವೆದಾಗ ಸಿಲಿಂಡರಿನ ಗಾಳಿ ಪಿಸ್ಟನ್ ಪಕ್ಕದಿಂದ ಕೆಳಗೆ ನುಗ್ಗಿ, ಅಲ್ಲಿಂದ ಮೇಲೆ ಬರುತ್ತದಲ್ಲ, ಅದು. ನಮ್ಮದು ನಡುಗಿತು, ಬೀಳಲಿಲ್ಲ. "ಬೋರ್ ಕೆಲಸಕ್ಕೆ ಇನ್ನೂ ಟೈಮಿದೆ" ಅಂದರು ಮೇಸ್ತ್ರಿ. ಸವೆದ ಸಿಲಿಂಡರ್ ಕೊರೆಸಿ ಸರಿ ಮಾಡಿಸುವ ಕೆಲಸ ಅದು.

ರೇಡಿಯೇಟರ್ ಮುಚ್ಚಳ ತೆಗೆದರೆ ಒಳಗೆ ಕೆಮ್ಮಣ್ಣು ಕದಡಿದ ಹಾಗೆ ನೀರು. ಕಿಲುಬು ಹಿಡಿಯದಂತೆ ನೀರಿಗೆ ಬೆರೆಸುವ ಕೂಲಂಟ್ ಮುಖವನ್ನೇ ಅದು ಕಂಡಿರಲಿಲ್ಲ. ಅದನ್ನೇ ಹಿಡಿದು ಚೌಕಾಸಿ ಮಾಡಿ ಹದಿನೈದು ಸಾವಿರ ಇಳಿಸಿದೆ. ಆಮೇಲೆ ಹತ್ತು ಕಿ.ಮೀ. ಓಡಿಸಿದೆವು. ಟೆಂಪರೇಚರ್ ಮುಳ್ಳು ತಳದಿಂದ ಏಳಲೇ ಇಲ್ಲ. "ನೋಡಿ, ಎಷ್ಟು ತಂಪು ಇಂಜಿನ್" ಅಂದರು ಮಾರುವವರು. ನನಗೂ ಖುಷಿಯಾಯಿತು. ಪೆದ್ದ ನಾನು.

ಗಾಡಿ ಮನೆಗೆ ಬಂದ ವಾರವೇ ಮೇಸ್ತ್ರಿ ಥರ್ಮೋಸ್ಟಾಟ್, ಅಂದರೆ ರೇಡಿಯೇಟರಿಗೆ ನೀರು ಬಿಡುವ ವಾಲ್ವ್, ಅದರ ಹೌಸಿಂಗ್ ಬಿಚ್ಚಿದರು. ಒಳಗೆ ಏನೂ ಇಲ್ಲ, ಖಾಲಿ ಗೂಡು. ಇಂಜಿನ್ ಹೀಟ್ ಆಗ್ತಿದೆ ಅಂದರೆ ವಾಲ್ವ್ ಕಿತ್ತು ಬಿಸಾಡೋದು ನಮ್ಮಲ್ಲಿ ಹಳೇ ಚಾಳಿ. ಇಂಜಿನ್ ಬೇಗ ಬಿಸಿಯಾಗಲಿ ಅಂತಲೇ ಅದನ್ನು ಇಟ್ಟಿರೋದು. ನೀರು ಸುಮಾರು 80 ಡಿಗ್ರಿ ದಾಟುವವರೆಗೆ ಅದು ರೇಡಿಯೇಟರ್ ದಾರಿ ಮುಚ್ಚಿರುತ್ತದೆ. ಅದಿಲ್ಲದಿದ್ದರೆ ನಮ್ಮ ಮಲೆನಾಡಿನ ಚಳಿಯಲ್ಲಿ ಇಂಜಿನ್ ಗಂಟೆಗಟ್ಟಲೆ ತಣ್ಣಗೇ ಓಡುತ್ತದೆ. ಡೀಸೆಲ್ ಪೂರ್ತಿ ಉರಿಯೋದಿಲ್ಲ. ಉರಿಯದ ಡೀಸೆಲ್ ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆದುಕೊಂಡು ಕೆಳಗೆ ಇಳಿಯುತ್ತದೆ. ಗೋಡೆಗೆ ಜಾರು ಇಲ್ಲ, ಆಯಿಲೂ ತೆಳು. ರಿಂಗ್ ಸವೆಯೋದಕ್ಕೆ ಇನ್ನೇನು ಬೇಕು? ಅವತ್ತು ಆಯಿಲ್ ಮುಚ್ಚಳ ನಡುಗಿದ್ದು ಸುಮ್ನೆ ಅಲ್ಲ.

ಕೆಲವು ನೂರು ರೂಪಾಯಿಗೆ ಹೊಸ ವಾಲ್ವ್ ಹಾಕಿದೆವು. ಮುಗಿಯಿತು ಅಂದುಕೊಂಡು ಫೀಡ್ ಲೋಡ್ ಮಾಡಿ ಮಂಗಳೂರು ಬಿಟ್ಟೆ. ಉಜಿರೆವರೆಗೂ ಮುಳ್ಳು ನಡುವಿನಲ್ಲಿ ನಿಂತಿತ್ತು. ಘಾಟಿಯ ಮೂರನೇ ತಿರುವಿಗೆ ಏರಲು ಶುರು ಮಾಡಿತು, ಐದನೆಯದಕ್ಕೆ ಕೆಂಪು ಗೆರೆಯ ಹತ್ತಿರ. ಅಗಲ ಜಾಗ ನೋಡಿ ನಿಲ್ಲಿಸಿದೆ. ನೀರು ಸೋರಿರಲಿಲ್ಲ, ಹಾಗಾಗಿ ಇಂಜಿನ್ ಆಫ್ ಮಾಡಲಿಲ್ಲ. ಆಫ್ ಮಾಡಿದರೆ ವಾಟರ್ ಪಂಪೂ ನಿಲ್ಲುತ್ತದೆ, ಸಿಲಿಂಡರುಗಳ ಮೇಲೆ ಮುಚ್ಚಳದಂತೆ ಕೂರುವ ಹೆಡ್ಡಿನ ಬಿಸಿಗೆ ಹೋಗಲು ಜಾಗವಿರೋದಿಲ್ಲ. ಲೋಡಿಲ್ಲದೆ ಸ್ಲೋನಲ್ಲಿ ಬಿಟ್ಟೆ, ಮುಳ್ಳು ನಿಧಾನಕ್ಕೆ ಇಳಿಯಿತು. ಹಿಂದೆ ಬಂದ ಒಬ್ಬರು ಬಾಟಲಿ ಹಿಡಿದು "ತಣ್ಣೀರು ಹೊಯ್ಯಿ ಮಾರಾಯ" ಅಂದರು. ಬೇಡ ಅಂತ ಕೈ ಮುಗಿದೆ. ಕಾದ ಹೆಡ್ಡಿಗೆ ತಣ್ಣೀರು ಬಿದ್ದರೆ ಬಿರುಕು ಗ್ಯಾರಂಟಿ. ಆ ಹೊತ್ತಲ್ಲಿ ರೇಡಿಯೇಟರ್ ಮುಚ್ಚಳ ತಿರುಗಿಸಿದರೆ ಮುಖವೇ ಬೇಯುತ್ತದೆ.

ರೇಡಿಯೇಟರ್ ಅಂಗಡಿಯಲ್ಲಿ ಟ್ಯಾಂಕ್ ಬಿಚ್ಚಿಸಿದಾಗ ಕಥೆ ಗೊತ್ತಾಯಿತು. ಅರ್ಧಕ್ಕರ್ಧ ಟ್ಯೂಬುಗಳು ಕಿಲುಬು, ಸುಣ್ಣ ಸೇರಿ ಕಟ್ಟಿಹೋಗಿದ್ದವು. ಬೋರ್‌ವೆಲ್ ನೀರಿನ ಕೃಪೆ. ಹಿಂದಿನವರು ರೇಡಿಯೇಟರ್ ಸರಿ ಮಾಡಿಸುವ ಬದಲು ವಾಲ್ವ್ ಕಿತ್ತು ಖರ್ಚು ಮುಂದೂಡಿದ್ದರು, ಅಷ್ಟೇ. ಹೊಸ ಕೋರ್, ಅಂದರೆ ಆ ಟ್ಯೂಬುಗಳ ಜಾಲರಿಯನ್ನೇ ಹೊಸದು ಹಾಕಿಸಿದೆ. ಇಂಜಿನ್ ಒಳಗೆ ಪೈಪು ಹಿಡಿದು, ನೀರು ತಿಳಿ ಬರುವವರೆಗೆ ಉಲ್ಟಾ ತೊಳೆದೆವು. ಕೂಲಂಟ್ ಅರ್ಧ, ಡಿಸ್ಟಿಲ್ಡ್ ನೀರು ಅರ್ಧ ತುಂಬಿದೆವು. ಮುಚ್ಚಳದ ರಬ್ಬರ್ ಬಿರಿದಿತ್ತು, ಅದನ್ನೂ ಬದಲಾಯಿಸಿದೆ. ಆ ಮುಚ್ಚಳ ಒಳಗೆ ಒತ್ತಡ ಹಿಡಿದರೇ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಇರೋದು.

ಗಾಡಿ ಕೊಂಡ ಸ್ನೇಹಿತರು ಮೊದಲು ಸೀಟ್ ಕವರ್, ಆಮೇಲೆ ಸ್ಪೀಕರ್ ಹಾಕಿಸುತ್ತಾರೆ. ನನ್ನ ಮೊದಲ ಆರು ತಿಂಗಳ ದುಡ್ಡೆಲ್ಲ ಬಾನೆಟ್ ಕೆಳಗೇ ಹೋಯಿತು. ಹೆಂಡತಿ ಎರಡು ತಿಂಗಳು ಅದನ್ನೇ ಹೇಳುತ್ತಿದ್ದಳು.

ಓಡಿಸುವ ರೀತಿಯನ್ನೂ ಬದಲಿಸಿಕೊಂಡೆ. ಮೊದಲು ಘಾಟಿಯಲ್ಲಿ ಡೀಸೆಲ್ ಉಳಿಯಲಿ ಅಂತ ಮೂರನೇ ಗೇರಿನಲ್ಲೇ ಎಳೆಸುತ್ತಿದ್ದೆ. ಇಂಜಿನ್ ಗುಡುಗುಡು ಅನ್ನುತ್ತಿತ್ತು, ಹಿಂದೆ ಕಪ್ಪು ಹೊಗೆ. ಹಾಗೆ ಎಳೆಸಿದರೆ ಫ್ಯಾನೂ ನಿಧಾನ, ಪಂಪೂ ನಿಧಾನ, ಭಾರ ಮಾತ್ರ ಪೂರ್ತಿ. ಈಗ ತಿರುವಿಗೆ ಮೊದಲೇ ಎರಡನೇ ಗೇರಿಗೆ ಇಳಿಸುತ್ತೇನೆ. ಸದ್ದು ಜಾಸ್ತಿ, ಬಿಸಿ ಕಮ್ಮಿ.

ಕೊಟ್ಟಿಗೆಹಾರ ತಲುಪಿದ ಕೂಡಲೇ ಕೀ ತಿರುಗಿಸೋದಿಲ್ಲ. ಟರ್ಬೊ ಅಂದರೆ ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಚಕ್ರ. ಅದರ ಶಾಫ್ಟ್ ತೇಲೋದು ಇಂಜಿನ್ ಆಯಿಲಿನ ಮೇಲೆ. ಘಾಟಿ ಹತ್ತಿ ಕೆಂಡವಾಗಿರುವಾಗ ಆಫ್ ಮಾಡಿದರೆ ಆಯಿಲ್ ಹರಿವು ನಿಂತು, ಇರುವ ಆಯಿಲ್ ಅಲ್ಲೇ ಸುಟ್ಟು ಕರಿಯಾಗುತ್ತದೆ. ಎರಡು ನಿಮಿಷ ಸ್ಲೋನಲ್ಲಿ ಬಿಟ್ಟು, ನೀರುದೋಸೆಗೆ ಹೇಳಿ ಬಂದು ಆಫ್ ಮಾಡುತ್ತೇನೆ. "ಡೀಸೆಲ್ ಯಾಕೆ ಉರಿಸ್ತೀಯಾ" ಅಂತ ಕೇಳುವವರು ಇದ್ದೇ ಇರುತ್ತಾರೆ.

ಉಳಿದದ್ದು ಎಲ್ಲರಿಗೂ ಗೊತ್ತಿರೋದೇ. 15ಡಬ್ಲ್ಯು-40 ಗ್ರೇಡಿನ ಇಂಜಿನ್ ಆಯಿಲ್, ಫಿಲ್ಟರ್ ಸಮೇತ 8,000 ಕಿ.ಮೀ.ಗೆ ಒಮ್ಮೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಡೀಸೆಲ್ ಫಿಲ್ಟರಿನ ತಳದ ನೀರು ಬಿಡೋದು. ವರ್ಷಕ್ಕೊಮ್ಮೆ ಟ್ಯಾಪೆಟ್ ಸೆಟ್ಟಿಂಗ್, ಅಂದರೆ ಇಂಜಿನ್ ವಾಲ್ವುಗಳ ಸಂದು ಸರಿ ಮಾಡಿಸೋದು. ಎಂಟು ವರ್ಷ ದಾಟಿದ ಬಾಡಿಗೆ ಗಾಡಿಗೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಪ್ರತಿ ವರ್ಷ ಮಾಡಿಸಬೇಕು, ಅದರ ಹಿಂದಿನ ವಾರ ಇದೆಲ್ಲ ಒಟ್ಟಿಗೇ ಮುಗಿಸುತ್ತೇನೆ.

2022ರಲ್ಲಿ ಹೆಡ್ಡಿನ ಕೆಳಗೆ ಸೋರದಂತೆ ಹಾಕುವ ಗ್ಯಾಸ್ಕೆಟ್ ಹೋಗಿ ಹೆಡ್ ಇಳಿಸಬೇಕಾಯಿತು. ಅಷ್ಟರಲ್ಲಿ ನಾನೇ 1,30,000 ಕಿ.ಮೀ. ಓಡಿಸಿದ್ದೆ. ಮೇಸ್ತ್ರಿ ಸಿಲಿಂಡರಿನ ಮೇಲಂಚಿಗೆ ಉಗುರು ಆಡಿಸಿದರು. ಉಗುರಿಗೆ ಸಣ್ಣ ಮೆಟ್ಟಿಲು ತಾಗಿತು. ನನ್ನ ಬೆರಳನ್ನೂ ಹಿಡಿದು ಆಡಿಸಿದರು. "ಇಷ್ಟೇ ಸವೆದಿರೋದು, ಪಿಸ್ಟನ್ ಮುಟ್ಟೋದು ಬೇಡ" ಅಂದರು. ಹೆಡ್ಡಿನ ತಳ ಸಮ ಮಾಡಿಸಿ (ಫೇಸಿಂಗ್), ಇಂಜಿನ್ ವಾಲ್ವುಗಳನ್ನು ಕೂರಿಸಿ, ಮುಚ್ಚಿದೆವು.

ಮೊನ್ನೆ ಪಕ್ಕದೂರಿನ ಹುಡುಗನೊಬ್ಬ ಸೆಕೆಂಡ್ ಹ್ಯಾಂಡ್ ಪಿಕಪ್ ಹುಡುಕುತ್ತಾ ನನ್ನ ಗಾಡಿಯಲ್ಲಿ ಕೂತಿದ್ದ. ಡ್ಯಾಶ್‌ಬೋರ್ಡ್ ನೋಡಿ ಕೇಳಿದ: "ಅಣ್ಣ, ನಿಮ್ಮದು ಹೀಟ್ ಆಗ್ತಿದೆಯಾ? ಮುಳ್ಳು ಮಧ್ಯಕ್ಕಿದೆ. ನಾನು ನಿನ್ನೆ ನೋಡಿದ್ದು ತಳದಿಂದ ಏಳಲೇ ಇಲ್ಲ."

ದುಡ್ಡು ಕೊಟ್ಟಿದ್ದೀಯಾ ಅಂತ ಕೇಳಿದೆ. ಅಡ್ವಾನ್ಸ್ ಮಾತ್ರ ಅಂದ.