ಏಜೆಂಟ್ ತಪ್ಪು ಟೂಲ್ ಕರೆಯುತ್ತಿದೆಯಾ? ವಿವರಣೆ ತಿದ್ದಿ ನೋಡಿ

ಎಐ ಏಜೆಂಟ್‌ಗೆ, ಅಂದರೆ ಹೇಳಿದ ಕೆಲಸವನ್ನು ತಾನೇ ಮಾಡಿ ಮುಗಿಸುವ ಎಐಗೆ, ಒಂದು ಟೂಲ್ (ಅದು ಕರೆದು ಬಳಸುವ ಸಣ್ಣ ಪ್ರೋಗ್ರಾಂ) ಬರೆದು ಕೊಟ್ಟಿದ್ದೀರಿ. ನೀವೇ ಓಡಿಸಿದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಏಜೆಂಟ್ ಮಾತ್ರ ಬೇಕಾದಾಗ ಅದನ್ನು ಮುಟ್ಟುವುದಿಲ್ಲ, ಬೇಡದಾಗ ಕರೆಯುತ್ತದೆ. ಆಗ ನಾವು ಮೊದಲು ಬೈಯುವುದು ಏಜೆಂಟ್‌ನ ಒಳಗಿರುವ ಎಐ ಮಾಡೆಲನ್ನೇ, ಅಲ್ವಾ? ನಾನೂ ಎರಡು ದಿನ ಬೈದೆ. ಆಮೇಲೆ ನೋಡಿದರೆ ಎಡವಟ್ಟು ನನ್ನದೇ. ಟೂಲಿನ ವಿವರಣೆ ಅಂತ ನಾನು ಬರೆದಿದ್ದು ಇಷ್ಟು: ‘ಮೀಟಿಂಗ್ ಮಾಹಿತಿಗಾಗಿ’.

ಮಾಡೆಲ್‌ಗೆ ನಿಮ್ಮ ಕೋಡ್ ಕಾಣುವುದಿಲ್ಲ. ಟೂಲಿನ ಹೆಸರು, ಅದರ ವಿವರಣೆ, ಏನೇನು ಕೊಡಬೇಕು ಎಂದು ಹೇಳುವ ಜೇಸನ್ ಸ್ಕೀಮಾ, ಅದಕ್ಕೆ ಸಿಗುವುದು ಇವಿಷ್ಟೇ. 2023ರ ಜೂನ್‌ನಲ್ಲಿ ಓಪನ್‌ಎಐ ಫಂಕ್ಷನ್ ಕಾಲಿಂಗ್ (ಮಾಡೆಲ್ ಟೂಲ್‌ಗಳನ್ನು ಕರೆಯುವ ವ್ಯವಸ್ಥೆ) ತಂದಾಗಲೂ ಹೀಗೇ ಇತ್ತು, 2024ರ ನವೆಂಬರ್‌ನಲ್ಲಿ ಆಂಥ್ರೋಪಿಕ್ ಎಂಸಿಪಿ (ಟೂಲ್‌ಗಳನ್ನು ಎಐಗೆ ಜೋಡಿಸಲು ಎಲ್ಲರೂ ಬಳಸಬಹುದಾದ ಒಂದೇ ಪದ್ಧತಿ) ಬಿಡುಗಡೆ ಮಾಡಿದ ಮೇಲೂ ಹೀಗೇ ಇದೆ.

ಮೊದಲು ಹೆಸರು. ಇದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಏನು ಮಾಡುತ್ತದೆ, ಯಾವುದರ ಮೇಲೆ ಮಾಡುತ್ತದೆ, ಎರಡೂ ಹೆಸರಲ್ಲಿ ಬಂದರೆ ಸಾಕು. ‘ಸರ್ಚ್’ ಅಂತ ಒಂದು, ‘ಫೈಂಡ್’ ಅಂತ ಇನ್ನೊಂದು ಇಡಬೇಡಿ. ನಿಮಗೇ ನಾಳೆ ಯಾವುದು ಯಾವುದೆಂದು ನೆನಪಿರುವುದಿಲ್ಲ.

ಆಮೇಲೆ ವಿವರಣೆ. ನಿಜವಾದ ಕೆಲಸ ಇರುವುದು ಇಲ್ಲಿ. ಪ್ರತಿ ಟೂಲ್‌ಗೂ ಕನಿಷ್ಠ 3-4 ವಾಕ್ಯ ಬರೆಯಿರಿ ಎಂದು ಆಂಥ್ರೋಪಿಕ್‌ನ ಕೈಪಿಡಿಯೇ ಹೇಳುತ್ತದೆ. ನನ್ನ ಆ ಒಂದು ಸಾಲನ್ನು ತಿದ್ದಿದ ಮೇಲೆ ಹೀಗಾಯಿತು:

‘ಒಬ್ಬರ ಕ್ಯಾಲೆಂಡರ್‌ನಲ್ಲಿ ಈಗಾಗಲೇ ಇರುವ ಮೀಟಿಂಗ್‌ಗಳನ್ನು ಹುಡುಕಿ ಕೊಡುತ್ತದೆ. “ನಾಳೆ ನನಗೆ ಏನೇನಿದೆ” ಎಂಬಂಥ ಪ್ರಶ್ನೆ ಬಂದಾಗ ಬಳಸಿ. ಹೊಸ ಮೀಟಿಂಗ್ ಇಡಲು ಇದನ್ನು ಬಳಸಬೇಡಿ, ಅದಕ್ಕೆ ಮೀಟಿಂಗ್ ಸೇರಿಸುವ ಟೂಲ್ ಬೇರೆ ಇದೆ. ರದ್ದಾದ ಮೀಟಿಂಗ್‌ಗಳು ಇದರಲ್ಲಿ ಬರುವುದಿಲ್ಲ. ಒಂದು ಸಲಕ್ಕೆ ಹೆಚ್ಚೆಂದರೆ 50 ಸಿಗುತ್ತವೆ.’

ಇದರಲ್ಲಿ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಮೂರನೇ ವಾಕ್ಯ. ಯಾವಾಗ ಬಳಸಬಾರದು, ಆಗ ಯಾವುದನ್ನು ಬಳಸಬೇಕು ಎಂದು ಯಾರೂ ಬರೆಯುವುದಿಲ್ಲ, ಯಾಕೆಂದರೆ ಟೂಲ್ ಮಾಡಿದವನಿಗೆ ಅದು ಹೇಳಬೇಕಾದ ಮಾತು ಅಂತಲೇ ಅನಿಸುವುದಿಲ್ಲ. ರದ್ದಾದವು ಬರುವುದಿಲ್ಲ ಎಂಬ ಸಾಲೂ ಹಾಗೇ. ಅದು ಇಲ್ಲದಿದ್ದಾಗ, ರದ್ದಾದ ಮೀಟಿಂಗ್ ಬಗ್ಗೆ ಯಾರಾದರೂ ಕೇಳಿದರೆ ಏಜೆಂಟ್ ಖಾಲಿ ಪಟ್ಟಿ ನೋಡಿ ‘ಅಂಥ ಮೀಟಿಂಗ್ ಇರಲೇ ಇಲ್ಲ’ ಎಂದು ಧೈರ್ಯವಾಗಿ ಹೇಳಿಬಿಡುತ್ತಿತ್ತು.

ಹಾಗಂತ ಪುಟಗಟ್ಟಲೆ ಬರೆಯಬೇಡಿ. ಈ ವಿವರಣೆಗಳೆಲ್ಲ ಸಾಮಾನ್ಯವಾಗಿ ಪ್ರತಿ ಸಲವೂ ಪ್ರಶ್ನೆಯ ಜೊತೆಗೇ ಮಾಡೆಲ್‌ಗೆ ಹೋಗುತ್ತವೆ, ಅಷ್ಟು ಟೋಕನ್ (ಮಾಡೆಲ್ ಓದುವ ಪಠ್ಯದ ಸಣ್ಣ ತುಣುಕು) ಸುಮ್ನೆ ಖರ್ಚು. ಒಳಗೆ ಯಾವ ಡೇಟಾಬೇಸ್ ಇದೆ, ಕೋಡ್ ಯಾವ ಭಾಷೆಯಲ್ಲಿದೆ ಅನ್ನುವುದೆಲ್ಲ ಅದಕ್ಕೆ ಬೇಡ.

ಪ್ಯಾರಾಮೀಟರ್‌ಗಳು, ಅಂದರೆ ಟೂಲ್ ಕರೆಯುವಾಗ ಅದಕ್ಕೆ ಕೊಡಬೇಕಾದ ಮಾಹಿತಿ. ‘ಯೂಸರ್’ ಅಂತ ಬರೆದರೆ ಹೆಸರು ಕೊಡಬೇಕೋ, ಇಮೇಲ್ ಕೊಡಬೇಕೋ, ನಂಬರ್ ಕೊಡಬೇಕೋ? ‘ಯೂಸರ್ ಐಡಿ’ ಅಂದರೆ ಅರ್ಧ ಗೊಂದಲ ಮುಗಿಯಿತು. ದಿನಾಂಕದ ಬಗ್ಗೆ ಮಾತ್ರ ತುಂಬ ಹುಷಾರಾಗಿರಿ. 03/04 ಎಂದರೆ ಕೆಲವರಿಗೆ ಏಪ್ರಿಲ್ 3, ಕೆಲವರಿಗೆ ಮಾರ್ಚ್ 4. 2025-04-03 ಎಂಬಂತೆ ವರ್ಷ, ತಿಂಗಳು, ದಿನ ಇದೇ ಕ್ರಮದಲ್ಲಿ ಬೇಕು ಎಂದು ಉದಾಹರಣೆ ಸಮೇತ ಬರೆಯಿರಿ, ಯಾವ ಟೈಮ್ ಝೋನ್ ಎಂದೂ ಸೇರಿಸಿ. ಬರಬಹುದಾದ ಉತ್ತರ ನಾಲ್ಕೇ ಇದ್ದರೆ ಅವನ್ನು ಸ್ಕೀಮಾದಲ್ಲಿ ಈನಮ್ (ಇವುಗಳಲ್ಲೇ ಒಂದನ್ನು ಆರಿಸಬೇಕು ಎನ್ನುವ ಪಟ್ಟಿ) ಮಾಡಿ. ವಾಕ್ಯದಲ್ಲಿ ವಿವರಿಸುತ್ತಾ ಕೂರುವುದಕ್ಕಿಂತ ಅದು ವಾಸಿ.

ಎರರ್ ಸಂದೇಶ. ಇದು ವಿವರಣೆಯ ಭಾಗ ಅಂತ ತುಂಬ ಜನ ಅಂದುಕೊಳ್ಳುವುದೇ ಇಲ್ಲ. ಆದರೆ ಟೂಲ್ ಸೋತಾಗ ಮಾಡೆಲ್ ಓದುವುದು ಅದನ್ನೇ. ‘ಎರರ್ 400’ ಎಂದು ಕಳಿಸಿದರೆ ಅದೇ ತಪ್ಪನ್ನು ಇನ್ನೊಂದು ಸಲ ಮಾಡುತ್ತದೆ. ‘ಮುಗಿಯುವ ದಿನ ಶುರುವಾಗುವ ದಿನಕ್ಕಿಂತ ಮೊದಲಿದೆ, ಅದಲು ಬದಲು ಮಾಡಿ ಕಳಿಸಿ’ ಎಂದರೆ ತಾನೇ ಸರಿಮಾಡಿಕೊಂಡು ಬರುತ್ತದೆ.

ಅಳಿಸುವ, ದುಡ್ಡು ಕಳಿಸುವ ಟೂಲ್ ಇದ್ದರೆ ‘ಬಳಕೆದಾರರನ್ನು ಕೇಳದೆ ಕರೆಯಬೇಡಿ’ ಎಂದು ಬರೆಯಿರಿ, ಆದರೆ ಅದನ್ನೇ ನಂಬಿ ಕೂರಬೇಡಿ. ಮಾಡೆಲ್ ಆ ಸಾಲನ್ನು ಮೀರಬಹುದು. ಒಪ್ಪಿಗೆ ಇಲ್ಲದೆ ಮುಂದೆ ಹೋಗದಂಥ ತಡೆ ಕೋಡ್‌ನಲ್ಲೇ ಇರಬೇಕು.

ಕೊನೆಗೆ ಪರೀಕ್ಷೆ. ಜನ ನಿಜವಾಗಿ ಕೇಳುವ ಹಾಗೆ, ಅರ್ಧಂಬರ್ಧ ವಾಕ್ಯದಲ್ಲೇ, ಹದಿನೈದು ಪ್ರಶ್ನೆ ಬರೆದಿಟ್ಟುಕೊಳ್ಳಿ. ಯಾವ ಟೂಲನ್ನೂ ಕರೆಯಬಾರದಂಥ ಮೂರು ನಾಲ್ಕು ಪ್ರಶ್ನೆ ಅದರಲ್ಲಿರಲಿ. ಒಂದೊಂದನ್ನೂ ಹಲವು ಸಲ ಓಡಿಸಿ, ಯಾಕೆಂದರೆ ಪ್ರತಿ ಸಲ ಒಂದೇ ಥರ ನಡೆದುಕೊಳ್ಳುತ್ತದೆ ಎಂದೇನಿಲ್ಲ. ಯಾವ ಟೂಲ್ ಕರೆಯಿತು ಎನ್ನುವುದರ ಜೊತೆಗೆ ಅದಕ್ಕೆ ಏನು ಕೊಟ್ಟಿತು ಎಂದೂ ನೋಡಿ. ತಿದ್ದುವಾಗ ಒಂದು ಸಲಕ್ಕೆ ಒಂದೇ ವಾಕ್ಯ ತಿದ್ದಿ, ಇಲ್ಲದಿದ್ದರೆ ಯಾವುದರಿಂದ ಸರಿಹೋಯಿತು ಎಂದು ಗೊತ್ತಾಗುವುದಿಲ್ಲ. ಆ ಪ್ರಶ್ನೆಗಳನ್ನು ಅಳಿಸಬೇಡಿ. ಮಾಡೆಲ್ ಬದಲಾಯಿಸಿದ ದಿನ ಅವೇ ಮತ್ತೆ ಬೇಕಾಗುತ್ತವೆ.