ಸಂಜೆಮಲ್ಲಿಗೆಯಲ್ಲಿ ಮೆಂಡೆಲ್ ಲೆಕ್ಕ

ಹತ್ತನೇ ತರಗತಿಗೆ ಏಕತಳೀಕರಣ, ಅಂದರೆ ಒಂದೇ ಗುಣದಲ್ಲಿ ಬೇರೆಯಾದ ಎರಡು ಗಿಡಗಳ ಸಂಕರ, ಹೇಳಿಕೊಡುವಾಗ ಬೋರ್ಡ್ ಮೇಲೆ ಬಟಾಣಿ ಗಿಡ ಬರೆಯುವುದು ರೂಢಿ. ಗುಣಗಳು ತಲೆಮಾರಿನಿಂದ ತಲೆಮಾರಿಗೆ ಹೇಗೆ ಸಾಗುತ್ತವೆಂದು ಮೆಂಡೆಲ್ ಲೆಕ್ಕ ಹಾಕಿದ್ದು ಬಟಾಣಿಯಲ್ಲೇ. ಆದರೆ ನಮ್ಮ ತೀರ್ಥಹಳ್ಳಿ ಕಡೆ ಹಿತ್ತಲಲ್ಲಿ ಬಟಾಣಿ ಬೆಳೆಯುವವರು ಅಪರೂಪ. ಸಂಜೆಮಲ್ಲಿಗೆಯಾದರೆ ಬೇಲಿ ಬುಡದಲ್ಲೂ ಸಿಗುತ್ತದೆ. ನಾನು ಅದನ್ನೇ ಹಿಡಿದೆ. 1900ರಲ್ಲಿ ಮೆಂಡೆಲ್ ಕೆಲಸವನ್ನು ಮತ್ತೆ ಬೆಳಕಿಗೆ ತಂದವರಲ್ಲಿ ಒಬ್ಬರಾದ ಕಾರ್ಲ್ ಕೊರೆನ್ಸ್ ಕೂಡ ಈ ಗಿಡದ ಮೇಲೆ ಪ್ರಯೋಗ ಮಾಡಿದ್ದರು.

ಇದರಲ್ಲಿ ಕೆಂಪು ಪೂರ್ತಿ ಪ್ರಬಲ ಅಲ್ಲ, ಅಂದರೆ ಬಿಳಿಯನ್ನು ಪೂರ್ತಿ ಮುಚ್ಚಿಬಿಡುವುದಿಲ್ಲ. ಅದೇ ಅನುಕೂಲ. ಬಟಾಣಿಯಲ್ಲಿ ಎತ್ತರದ ಗಿಡದೊಳಗೆ ಗಿಡ್ಡದ ಜೀನ್ ಅಡಗಿದೆಯೋ ಇಲ್ಲವೋ, ನೋಡಿದರೆ ತಿಳಿಯುವುದಿಲ್ಲ. ಇಲ್ಲಿ ಹಾಗಲ್ಲ. ಹೂವಿನ ಬಣ್ಣಕ್ಕೆ ಪ್ರತಿ ಗಿಡದಲ್ಲೂ ಒಂದು ಜೋಡಿ ಜೀನ್. ಎರಡೂ ಕೆಂಪಿನವಾದರೆ ಹೂವು ಕೆಂಪು, ಎರಡೂ ಬಿಳಿಯದಾದರೆ ಬಿಳಿ, ಒಂದೊಂದಿದ್ದರೆ ಗುಲಾಬಿ. ಹಳದಿ ಮತ್ತು ಪಟ್ಟೆ ಹೂವಿನ ಗಿಡಗಳನ್ನು ಮುಟ್ಟಲಿಲ್ಲ. ಅವುಗಳ ಲೆಕ್ಕ ಬೇರೆ, ಸುಮ್ನೆ ಮಕ್ಕಳ ತಲೆ ಕೆಡುತ್ತದೆ.

ದಸರಾ ಕಳೆದು ಮಳೆ ಬಿಟ್ಟ ಮೇಲೆ ಶುರು ಮಾಡಿದೆ. ಹೂವು ಅರಳುವುದು ಸಂಜೆ. ಅವತ್ತು ಅರಳಲಿರುವ ಬಿಳಿ ಮೊಗ್ಗನ್ನು ಮಧ್ಯಾಹ್ನವೇ ಬಿಡಿಸಿ, ಕೇಸರಗಳನ್ನು ಚಿಮಟದಿಂದ ತೆಗೆದೆ. ಇಲ್ಲದಿದ್ದರೆ ಹೂವು ಮುದುಡುವಾಗ ಕೇಸರ ಸುರುಳಿಯಾಗಿ ಶಲಾಕಾಗ್ರಕ್ಕೆ (ಪರಾಗ ಹಿಡಿಯುವ ತುದಿಗೆ) ತಾಗಿ, ತನ್ನದೇ ಪರಾಗದಿಂದ ಬೀಜ ಕಟ್ಟಿಬಿಡುತ್ತದೆ. ಸಂಜೆ ಕೆಂಪು ಹೂವಿನ ಪರಾಗ ತಾಗಿಸಿ, ತೆಳು ಬಟ್ಟೆಯ ಚೀಲ ಕಟ್ಟಿದೆ. ಕತ್ತಲಾದರೆ ಪತಂಗಗಳು ಬರುತ್ತವೆ ಅಲ್ವಾ! ಒಂದು ಹೂವಿಗೆ ಒಂದೇ ಬೀಜ, ಹಾಗಾಗಿ ತುಂಬಾ ಮೊಗ್ಗು ಬಿಡಿಸಬೇಕು. ಬೀಜ ಕಾಳುಮೆಣಸಿನ ಹಾಗೇ ಕಾಣುತ್ತದೆ, ಆದರೆ ವಿಷ. ಚಿಕ್ಕ ಮಕ್ಕಳ ಕೈಗೆ ಕೊಡಬೇಡಿ.

ಆ ಬೀಜದ ಗಿಡಗಳಲ್ಲಿ ಎಲ್ಲವೂ ಗುಲಾಬಿ. 'ಬಣ್ಣ ಕಲಸಿ ಹೋಯ್ತು ಸಾರ್, ಇನ್ನು ಕೆಂಪು ಬರಲ್ಲ' ಅಂದರು ಹುಡುಗರು. ನಾನು ಉತ್ತರ ಹೇಳಲಿಲ್ಲ. ಗುಲಾಬಿ ಮೊಗ್ಗುಗಳಿಗೆ ಸುಮ್ನೆ ಚೀಲ ಕಟ್ಟಿಸಿದೆ, ಉಳಿದದ್ದನ್ನು ಹೂವೇ ಮಾಡಿಕೊಂಡಿತು.

ಮುಂದಿನ ತಲೆಮಾರಿನಲ್ಲಿ ಕೆಂಪೂ ಬಂತು, ಬಿಳಿಯೂ ಬಂತು. ಕೆಂಪು ಒಂದಿಷ್ಟೂ ಮಾಸಿರಲಿಲ್ಲ. ಜೀನ್‌ಗಳು ಕಲಸಿರಲಿಲ್ಲ, ಜೊತೆಗಿದ್ದವು ಅಷ್ಟೇ. ಪರಾಗಕ್ಕೂ ಅಂಡಕ್ಕೂ ಹೋಗುವಾಗ ಜೋಡಿ ಬಿಡಿಸಿಕೊಂಡು ಒಂದೊಂದೇ ಹೋಗುತ್ತವೆ.

ಲೆಕ್ಕದ ಪ್ರಕಾರ ಕಾಲು ಭಾಗ ಕೆಂಪು, ಅರ್ಧ ಗುಲಾಬಿ, ಕಾಲು ಬಿಳಿ. ಮೊದಲು ಅರಳಿದ ಕೆಲವು ಗಿಡಗಳಲ್ಲಿ ಗುಲಾಬಿಯೇ ಜಾಸ್ತಿ ಇತ್ತು, ತರಗತಿಯಲ್ಲಿ ಜಗಳವೇ ಆಯಿತು. ನಾಲ್ಕು ಬೀಜ ಬಿತ್ತಿದರೆ ಒಂದು ಕೆಂಪು ಗ್ಯಾರಂಟಿ ಅಂತ ಅರ್ಥವಲ್ಲ, ಪ್ರತಿ ಬೀಜಕ್ಕೂ ಅದೃಷ್ಟ ಹೊಸದು. ಬಟಾಣಿಯಲ್ಲಿ ಒಂದೊಂದು ಜೀನ್ ಇರುವ ಗಿಡವೂ ಪ್ರಬಲ ಬಣ್ಣದ್ದೇ ಆಗಿ ಕಾಣುವುದರಿಂದ ಲೆಕ್ಕ 3:1. ಮೆಂಡೆಲ್‌ಗೂ ಅದು ಸರಿಯಾಗಿ ಸಿಕ್ಕಿರಲಿಲ್ಲ. ನೇರಳೆ ಹೂವಿನವು 705, ಬಿಳಿಯವು 224. ಗಿಡ ಹೆಚ್ಚಿದಷ್ಟೂ ನಮ್ಮ ಲೆಕ್ಕವೂ ಹತ್ತಿರ ಬಂತು.

ಆಮೇಲೆ ಗುಲಾಬಿಗೆ ಬಿಳಿ ಸೇರಿಸಿ, ಹೂವು ಬರುವ ಮೊದಲೇ ಊಹೆ ಬರೆಸಿದೆ. ಸುಮಾರು ಅರ್ಧ ಗುಲಾಬಿ, ಅರ್ಧ ಬಿಳಿ, ಕೆಂಪು ಇಲ್ಲವೇ ಇಲ್ಲ ಅಂತ ಬರೆದವರೇ ಜಾಸ್ತಿ. ಹಾಗೇ ಆಯಿತು.

ಇದನ್ನು ಮಾಡುವವರು ಹಳೇ ಗಿಡ ಒಣಗಿತೆಂದು ಕೀಳಬೇಡಿ. ನೆಲದಲ್ಲಿ ಗೆಡ್ಡೆ ಇದ್ದರೆ ಮಳೆಗೆ ಮತ್ತೆ ಚಿಗುರುತ್ತದೆ. ಬುಡಕ್ಕೆ ಹೆಸರಿನ ಚೀಟಿ ಸಿಕ್ಕಿಸಿಟ್ಟರೆ ಮೂರು ತಲೆಮಾರಿನ ಹೂವನ್ನೂ ಒಂದೇ ಸಂಜೆ ಪಕ್ಕಪಕ್ಕ ಇಟ್ಟು ತೋರಿಸಬಹುದು.