ಆರು ಪಟ್ಟಿ, ಐದು ಜೋಡಣೆ

ಬಳ್ಳಾರಿಯ ಕೌಲ್ ಬಜಾರಿನಲ್ಲಿ ನಮ್ಮ ಮನೆ. ಮನೆಯಲ್ಲೇ ಕೂತು ಜೀನ್ಸ್ ಹೊಲಿಯುತ್ತೇನೆ. ಮಗಳು 5ನೇ ಕ್ಲಾಸು. ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ಓದುತ್ತಿದ್ದಾಳೆ. ಮೊನ್ನೆ ರಾತ್ರಿ ಒಂದು ಲೆಕ್ಕ ತಂದಳು. ತಲಾ 30 ಸೆಂ.ಮೀ. ಉದ್ದದ 6 ಕಾಗದದ ಪಟ್ಟಿಗಳನ್ನು ಉದ್ದಕ್ಕೆ ಅಂಟಿಸಿದೆ. ಪ್ರತಿ ಜೋಡಣೆಯಲ್ಲೂ ತುದಿಗಳು ಒಂದೇ ಅಳತೆಯಷ್ಟು ಒಂದರ ಮೇಲೊಂದು ಕೂತಿವೆ. ಒಟ್ಟು ಉದ್ದ 165 ಸೆಂ.ಮೀ. ಒಂದೊಂದು ಕಡೆ ಎಷ್ಟು ಕೂತಿದೆ?

ಬಿಡಿಬಿಡಿಯಾಗಿ ಇಟ್ಟರೆ 180. ಅಂಟಿಸಿದ ಮೇಲೆ 165. ಕಮ್ಮಿಯಾಗಿದ್ದು 15. ಇಲ್ಲಿವರೆಗೆ ಇಬ್ಬರದೂ ಒಂದೇ ಮಾತು. ಆಮೇಲೆ ಅವಳು 15ನ್ನು 6ರಿಂದ ಭಾಗಿಸಿ 2.5 ಅಂದಳು. "ಆರು ಪಟ್ಟಿ ಅದಾವಲ್ಲಮ್ಮಾ!"

ನಾನು 1.5 ಅಂದೆ. ಅದು ಹೊಲಿಗೆಯ ಅಭ್ಯಾಸ. ಎರಡು ತುಂಡು ಸೇರಿಸಿ ಹೊಲಿದು ಅಗಲಕ್ಕೆ ಹಾಸಿದರೆ, ಎರಡರಿಂದಲೂ ಒಂದೊಂದು ಸೆಂ.ಮೀ. ಒಳಗೆ ಹೋಗುತ್ತದೆ. ಒಂದು ಜೋಡಣೆಗೆ ಎರಡು ಸೆಂ.ಮೀ. ಖರ್ಚು. ಹಾಗಾಗಿ ಐದು ಜೋಡಣೆಗೆ ಹತ್ತು ಅಂಚು ಅಂತ ಎಣಿಸಿ, 15ನ್ನು 10ರಿಂದ ಭಾಗಿಸಿದ್ದೆ.

ಇಬ್ಬರ ಉತ್ತರವೂ ಬೇರೆ ಬೇರೆ. ಬಾಯಲ್ಲಿ ವಾದ ಮಾಡೋದು ಬಿಟ್ಟು ಹಳೇ ಪೇಪರ್ ತೆಗೆದುಕೊಂಡೆವು. ಟೇಪಿನಲ್ಲಿ ಅಳೆದು 30ರ ಆರು ಪಟ್ಟಿ ಕತ್ತರಿಸಿದೆ. 1.5 ಕೂರಿಸಿ ಪಿನ್ ಹಾಕಿದರೆ ಒಟ್ಟು 172.5 ಬಂತು. 2.5 ಕೂರಿಸಿದರೆ 167.5. ಎರಡೂ ಜಾಸ್ತಿ.

ಪಟ್ಟಿಯನ್ನು ಟ್ಯೂಬ್‌ಲೈಟಿಗೆ ಹಿಡಿದಾಗ ವಿಷಯ ಕಣ್ಣಿಗೇ ಬಿತ್ತು. ಕಾಗದ ಎರಡು ಪದರ ಆದ ಕಡೆ ಮಾತ್ರ ಕಪ್ಪಗೆ ಕಾಣುತ್ತಿತ್ತು. ಮಗಳು ಬೆರಳಿಟ್ಟು ಎಣಿಸಿದಳು. ಐದೇ ಕಪ್ಪು ಗುರುತು. ಮೊದಲ ಪಟ್ಟಿಯ ಎಡತುದಿ, ಕೊನೇ ಪಟ್ಟಿಯ ಬಲತುದಿ ಎರಡೂ ಖಾಲಿ. ನನ್ನ ತಪ್ಪೂ ಅಲ್ಲೇ ಗೊತ್ತಾಯಿತು. ಆ ಕಪ್ಪು ಜಾಗವನ್ನು 180ರಲ್ಲಿ ನಾವು ಎರಡು ಸಲ ಎಣಿಸಿದ್ದೇವೆ. ಆದರೆ ಅಂಟಿಸಿದ ಪಟ್ಟಿಯಲ್ಲಿ ಅದು ಒಂದು ಸಲ ಇದ್ದೇ ಇದೆ, ಹೊಲಿಗೆಯ ಹಾಗೆ ಮಡಚಿ ಒಳಗೆ ಹೋಗಿಲ್ಲ. ಹಾಗಾಗಿ ಒಂದೇ ಸಲ ಕಳೆಯಬೇಕು. 15ನ್ನು 5ರಿಂದ ಭಾಗಿಸಿದರೆ 3. ಮೂರು ಕೂರಿಸಿ ಅಳೆದೆವು. ಸರಿಯಾಗಿ 165.

ಈಗ ಲೆಕ್ಕ ಮಾಡುವ ಮೊದಲು ಅವಳು ಉದ್ದಕ್ಕೆ ಒಂದು ಗೆರೆ ಎಳೆದು, ಜೋಡಣೆಗಳನ್ನು ಕಪ್ಪು ಮಾಡಿ ಎಣಿಸುತ್ತಾಳೆ. ಸುಮ್ನೆ ಸೂತ್ರ ಬಾಯಿಪಾಠ ಮಾಡಿಸೋದಕ್ಕಿಂತ ಇದೇ ಒಳ್ಳೇದು ಅನ್ನಿಸಿದೆ ನನಗೆ.

ಅವತ್ತು ಮಲಗುವ ಮೊದಲು ಪಟ್ಟಿಯನ್ನು ಸೊಂಟಕ್ಕೆ ಸುತ್ತಿಕೊಂಡು, "ಎರಡೂ ತುದಿ ಸೇರಿಸಿ ಬಳೆ ಥರ ಮಾಡಿದರೆ?" ಅಂತ ಕೇಳಿದಳು. ಆಗ ಜೋಡಣೆ ಆರಾಗುತ್ತವೆ. ಸುತ್ತಳತೆ 165 ಬರಬೇಕಾದರೆ ಒಂದೊಂದು ಕಡೆ 2.5 ಕೂರಬೇಕು. ಅವಳು ಮೊದಲು ಹೇಳಿದ ಉತ್ತರವೇ! ನೋಟ್‌ಬುಕ್ಕಿನಲ್ಲಿ ಹೊಡೆದುಹಾಕಿದ್ದ 2.5ರ ಪಕ್ಕದಲ್ಲಿ ಒಂದು ದುಂಡು ಬಳೆ ಬರೆದು ಮಲಗಿದಳು.